ಶಾಸ್ತ್ರದಾನವೋ, ಅದತ್ತಾದಾನವೋ? : ಮೂಡಬಿದಿರೆಯ ಧವಳ ಪ್ರತಿಗಳೂ ಇಂದಿನ ಧರ್ಮಪುಸ್ತಕಗಳ ಪ್ರಕಟಣೆಯೂ

ತಮ್ಮ ಊರಿನ ಬಸದಿಯ ಪಾಠಶಾಲೆಯ ಮಕ್ಕಳಿಗಾಗಿ ಸ್ವಂತ ಖರ್ಚಿನಲ್ಲಿ ಒಂದು ಬೋಧಪುಸ್ತಕವನ್ನು ಅಚ್ಚು ಹಾಕಿಸಲು ಹೊರಟ ಶ್ರಾವಕ ಮಿತ್ರರೊಬ್ಬರು ಈಚೆಗೆ ಅದರ ಕರಡನ್ನು ನನ್ನ ಮುಂದಿಟ್ಟರು. ಅದರಲ್ಲಿ ಪ್ರಾಚೀನ ಗಾಥೆಗಳಿದ್ದವು. ಅವುಗಳ ಕೆಳಗೆ ಒಬ್ಬ ವಿದ್ವಾಂಸರ ಕನ್ನಡ ಅನುವಾದವಿತ್ತು. ಒಂದೆರಡು ಅಧ್ಯಾಯಗಳು ಮುನಿಗಳ ಪ್ರವಚನದ ಬರಹರೂಪ. ನಡುನಡುವೆ ಬಣ್ಣದ ಚಿತ್ರಗಳು. ಅವುಗಳ ಅಡಿಯಲ್ಲಿ ‘ಕೃಪೆ: ಅಂತರ್ಜಾಲ’ ಎಂಬ ಒಕ್ಕಣೆ. ಅನುವಾದಕ್ಕೂ ಪ್ರವಚನಕ್ಕೂ ಸಂಬಂಧಪಟ್ಟವರ ಅನುಮತಿ ಪಡೆದಿದ್ದೀರಾ ಎಂದು ಕೇಳಿದೆ. ಅವರು ನಕ್ಕು, “ಜಿನವಾಣಿಗೆ ಯಾರ ಅಪ್ಪಣೆ ಬೇಕು ಸ್ವಾಮಿ? ನಾನೇನು ಇದನ್ನು ಮಾರುತ್ತೇನೆಯೇ? ಶಾಸ್ತ್ರದಾನ ಮಾಡುತ್ತಿದ್ದೇನೆ” ಎಂದರು.

ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಉಳಿದ ಅರ್ಧವನ್ನು ತಿಳಿಯಬೇಕಾದರೆ ಕಾನೂನಿನ ಪುಸ್ತಕವನ್ನು ತೆರೆಯುವ ಮೊದಲು ನಮ್ಮ ಪರಂಪರೆಯ ಒಂದು ಘಟನೆಯನ್ನು ನೆನೆಯಬೇಕು. ಧರ್ಮಗ್ರಂಥವನ್ನು ಪ್ರತಿ ಮಾಡುವ ಹಕ್ಕು ಯಾರಿಗಿದೆ ಎಂಬ ಪ್ರಶ್ನೆಯನ್ನು ಜೈನ ಸಮಾಜವು ನ್ಯಾಯಾಲಯದ ಹೊರಗೆ, ತನ್ನೊಳಗೇ, ಸುಮಾರು ಅರ್ಧ ಶತಮಾನ ಕಾಲ ಎದುರಿಸಿದ ಪ್ರಸಂಗವದು. ಅದು ನಡೆದದ್ದು ನಮ್ಮ ಮೂಡಬಿದಿರೆಯಲ್ಲಿ.

ಬರೆಯಿಸಿ ಕೊಡುವ ಪುಣ್ಯ

ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ಚತುರ್ವಿಧ ದಾನಗಳಲ್ಲಿ ಶಾಸ್ತ್ರದಾನಕ್ಕೆ ನಮ್ಮ ಹಿರಿಯರು ಕೊಟ್ಟ ಸ್ಥಾನ ದೊಡ್ಡದು. ಅಚ್ಚಿನ ಯಂತ್ರವಿಲ್ಲದ ಕಾಲದಲ್ಲಿ ಶಾಸ್ತ್ರದಾನವೆಂದರೆ ಪ್ರತಿ ಮಾಡಿಸುವುದೇ ಆಗಿತ್ತು. ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಕನ್ನಡಿಗರೆಲ್ಲರೂ ಅಭಿಮಾನದಿಂದ ಹೇಳುವ ಸಂಗತಿ. ಒಂದು ಓಲೆಯ ಕಟ್ಟನ್ನು ಕಂಠದಿಂದ ಕೊರೆದು ಮುಗಿಸಲು ಲಿಪಿಕಾರನಿಗೆ ತಿಂಗಳುಗಳೇ ಬೇಕಾಗುತ್ತಿದ್ದವು. ಅಂತಹ ಸಾವಿರ ಪ್ರತಿಗಳೆಂದರೆ ಎಷ್ಟು ಕೈಗಳ, ಎಷ್ಟು ಕಣ್ಣುಗಳ ದುಡಿಮೆ ಎಂಬುದನ್ನು ಊಹಿಸಬಹುದು. ಆ ಕಾಲದಲ್ಲಿ ಪ್ರತಿ ಮಾಡುವುದಕ್ಕೆ ಕವಿಯ ಅನುಮತಿ ಬೇಕೆಂಬ ಕಲ್ಪನೆಯಿರಲಿಲ್ಲ. ಪ್ರತಿ ಹೆಚ್ಚಿದಷ್ಟೂ ಕವಿಗೆ ಕೀರ್ತಿ, ಬರೆಯಿಸಿದವರಿಗೆ ಪುಣ್ಯ.

ಆದರೆ ಇದರಿಂದ ಹಿಂದಿನವರಿಗೆ ಕರ್ತೃತ್ವದ ಪರಿವೆಯೇ ಇರಲಿಲ್ಲವೆಂದು ತೀರ್ಮಾನಿಸುವುದು ತಪ್ಪು. ಓಲೆಗ್ರಂಥಗಳ ಕೊನೆಯ ಪ್ರಶಸ್ತಿಗಳನ್ನು ನೋಡಿರಿ. ಬರೆದವನು ಯಾರು, ಬರೆಯಿಸಿದವರು ಯಾರು, ಯಾವ ವ್ರತದ ನಿಮಿತ್ತ, ಯಾವ ಗುರುಗಳಿಗೆ ಅರ್ಪಿತವಾಯಿತು ಎಂಬುದೆಲ್ಲ ಅಲ್ಲಿರುತ್ತದೆ. ಗ್ರಂಥವು ಎಲ್ಲರದು, ಅದರ ಹಿಂದಿನ ಶ್ರಮ ಮಾತ್ರ ಹೆಸರುಳ್ಳವರದು. ಈ ಎರಡನ್ನೂ ಅವರು ಬೆರೆಸಲಿಲ್ಲ.

ಮೂಡಬಿದಿರೆಯ ಸಿದ್ಧಾಂತ ಗ್ರಂಥಗಳೇ ಇದಕ್ಕೆ ಸಾಕ್ಷಿ. ಗಿರಿನಗರದ ಚಂದ್ರಗುಹೆಯಲ್ಲಿದ್ದ ಧರಸೇನಾಚಾರ್ಯರು ತಮ್ಮೊಡನೆಯೇ ಶ್ರುತಜ್ಞಾನವು ಅಳಿದುಹೋದೀತೆಂಬ ಕಳವಳದಿಂದ ಪುಷ್ಪದಂತ, ಭೂತಬಲಿ ಎಂಬ ಇಬ್ಬರು ಮುನಿಗಳನ್ನು ಕರೆಸಿ ಉಪದೇಶಿಸಿದರೆಂಬುದೂ ಆ ಇಬ್ಬರು ಷಟ್ಖಂಡಾಗಮವನ್ನು ಪ್ರಾಕೃತ ಸೂತ್ರಗಳಲ್ಲಿ ರಚಿಸಿದರೆಂಬುದೂ ನಮ್ಮ ಪರಂಪರೆಯ ಮಾತು. ಆ ಗ್ರಂಥ ಪೂರ್ಣಗೊಂಡ ದಿನವನ್ನೇ ನಾವು ಶ್ರುತಪಂಚಮಿಯೆಂದು ಆಚರಿಸುತ್ತೇವೆ. ಅದರ ಮೇಲೆ ವೀರಸೇನಾಚಾರ್ಯರು ಒಂಬತ್ತನೆಯ ಶತಮಾನದಲ್ಲಿ ರಚಿಸಿದ ಟೀಕೆಯೇ ಧವಳ. ಅದರ ಪರಿಮಾಣ ಎಪ್ಪತ್ತೆರಡು ಸಾವಿರ ಶ್ಲೋಕಗಳಷ್ಟು. ಗುಣಧರಾಚಾರ್ಯರ ಕಷಾಯಪಾಹುಡದ ಮೇಲೆ ವೀರಸೇನರು ಆರಂಭಿಸಿ ಅವರ ಶಿಷ್ಯ ಜಿನಸೇನರು ಪೂರೈಸಿದ ಅರುವತ್ತು ಸಾವಿರ ಶ್ಲೋಕ ಪರಿಮಾಣದ ಟೀಕೆ ಜಯಧವಳ. ಭೂತಬಲಿಗಳ ಮಹಾಬಂಧವೇ ಮಹಾಧವಳವೆಂದು ಪ್ರಸಿದ್ಧವಾಯಿತು.

ಹನ್ನೆರಡನೆಯ ಶತಮಾನದ ಆರಂಭದಲ್ಲಿ ದೇಮಿಯಕ್ಕನೆಂಬ ಶ್ರಾವಿಕೆ ಶ್ರುತಪಂಚಮಿ ವ್ರತದ ಉದ್ಯಾಪನೆಗಾಗಿ ಧವಳದ ಪ್ರತಿಯನ್ನು ಬನ್ನಿಕೆರೆಯ ಶುಭಚಂದ್ರ ಸಿದ್ಧಾಂತದೇವರಿಗೆ ಅರ್ಪಿಸಿದಳು. ಮಹಾಬಂಧದ ಪ್ರತಿಯನ್ನು ಬರೆಯಿಸಿ ಮಾಘನಂದಿ ಮುನಿಗಳಿಗೆ ಕೊಟ್ಟವಳು ಮಲ್ಲಿಕಬ್ಬೆ. ಕನ್ನಡ ಲಿಪಿಯ ಈ ತಾಳೆಯೋಲೆಗಳು ಓದಲೆಂದೇ ಕೊಟ್ಟ ದಾನಗಳು. ಇಬ್ಬರು ಕನ್ನಡ ಸ್ತ್ರೀಯರ ಶಾಸ್ತ್ರದಾನವಿಲ್ಲದಿದ್ದರೆ ದಿಗಂಬರ ಪರಂಪರೆಯ ಪ್ರಾಚೀನತಮ ಸಿದ್ಧಾಂತ ಗ್ರಂಥಗಳು ಇಂದು ನಮ್ಮ ಕೈಯಲ್ಲಿ ಇರುತ್ತಿದ್ದವೇ ಎಂಬುದು ಸಂದೇಹ.

ದರ್ಶನವೇ ಉಳಿದು ಓದು ನಿಂತಾಗ

ಕಾಲಕ್ರಮದಲ್ಲಿ ಈ ಗ್ರಂಥಗಳು ಮೂಡಬಿದಿರೆಯ ಗುರುಬಸದಿಯನ್ನು ಸೇರಿದವು. ಆ ಬಸದಿಗೆ ಸಿದ್ಧಾಂತ ಬಸದಿಯೆಂಬ ಹೆಸರು ಬಂದುದೂ ಇವುಗಳಿಂದಲೇ. ಶತಮಾನಗಳ ಕಾಲ ಅವು ಅಲ್ಲಿ ಪೂಜೆಗೊಂಡವು. ಯಾತ್ರಿಕರು ದೂರದೂರದಿಂದ ಬಂದು ಓಲೆಕಟ್ಟುಗಳ ದರ್ಶನ ಪಡೆದು ನಮಸ್ಕರಿಸಿ ಮರಳುತ್ತಿದ್ದರು. ಸಿದ್ಧಾಂತ ಗ್ರಂಥಗಳನ್ನು ಓದುವ ಅಧಿಕಾರ ಗೃಹಸ್ಥರಿಗಿಲ್ಲವೆಂಬ ನಂಬಿಕೆಯೂ ಬಲವಾಗಿತ್ತು. ಹೀಗೆ ಓದಲೆಂದು ಕೊಟ್ಟುದು ಕೇವಲ ನೋಡುವ ವಸ್ತುವಾಯಿತು.

ಕಾವಲಿದ್ದವರನ್ನು ಇದಕ್ಕಾಗಿ ಹಳಿಯುವುದು ಸುಲಭ, ನ್ಯಾಯವಲ್ಲ. ದೇಶದ ಬೇರಾವ ಭಂಡಾರದಲ್ಲಿಯೂ ಉಳಿಯದ ಗ್ರಂಥ ಅವರಲ್ಲಿ ಉಳಿದದ್ದು ಅವರ ಎಚ್ಚರದಿಂದಲೇ. ಕೈಬಿಟ್ಟ ಓಲೆ ಮರಳಿ ಬರುವುದಿಲ್ಲವೆಂಬುದನ್ನು ಅವರು ಬಲ್ಲರು. ಆದರೆ ಓಲೆಗೂ ಆಯುಸ್ಸುಂಟು. ಹುಳುವಿಗೂ ತೇವಕ್ಕೂ ಸಿಕ್ಕಿ ಅಂಚು ಮುರಿದು ಅಕ್ಷರ ಮಾಸುವ ಗ್ರಂಥಕ್ಕೆ ಎರಡನೆಯ ಪ್ರತಿಯೇ ಔಷಧ.

ಈ ಎಚ್ಚರಿಕೆ ಮೂಡಿದ್ದು 1883ರ ಸುಮಾರಿಗೆ. ಮುಂಬಯಿಯ ಸೇಠ್ ಮಾಣಿಕಚಂದರು ಯಾತ್ರೆಗೆ ಬಂದಾಗ ಓಲೆಗಳ ಸ್ಥಿತಿಯನ್ನು ಕಂಡು ಸೊಲ್ಲಾಪುರದ ಸೇಠ್ ಹೀರಾಚಂದ ನೇಮಚಂದರಿಗೆ ತಿಳಿಸಿದರು. ಹೀರಾಚಂದರು ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳೊಡನೆ ಮೂಡಬಿದಿರೆಗೆ ಬಂದರು. ಅನೇಕ ವರ್ಷಗಳ ಮಾತುಕತೆಯ ಬಳಿಕ, ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ, ಪ್ರತಿ ಮಾಡುವ ಕೆಲಸಕ್ಕೆ ಒಪ್ಪಿಗೆ ದೊರೆಯಿತು. ಒಪ್ಪಿಗೆಗೆ ಒಂದು ಕಟ್ಟುಪಾಡಿತ್ತು: ಪ್ರತಿಯೂ ಮೂಡಬಿದಿರೆಯಲ್ಲಿಯೇ ಇರತಕ್ಕದ್ದು, ಊರ ಹೊರಗೆ ಹೋಗಕೂಡದು.

ಬ್ರಹ್ಮಸೂರಿ ಶಾಸ್ತ್ರಿಗಳೊಡನೆ ಮಿರಜಿನ ಗಜಪತಿ ಉಪಾಧ್ಯಾಯರು ನಾಗರಿ ಪ್ರತಿಯ ಕೆಲಸವನ್ನು ಆರಂಭಿಸಿದರು. ಸ್ವಲ್ಪ ಭಾಗವಾಗುವಷ್ಟರಲ್ಲಿ ಶಾಸ್ತ್ರಿಗಳು ತೀರಿಕೊಂಡರು. ಗಜಪತಿ ಉಪಾಧ್ಯಾಯರು ಒಬ್ಬರೇ ಮುಂದುವರಿಸಿ ಸುಮಾರು ಹದಿನಾರು ವರ್ಷಗಳಲ್ಲಿ ಧವಳ, ಜಯಧವಳಗಳನ್ನು ಮುಗಿಸಿದರು. ಮಹಾಧವಳದ ನಾಗರಿ ಪ್ರತಿಯನ್ನು ಲೋಕನಾಥ ಶಾಸ್ತ್ರಿಗಳು 1922ರ ಹೊತ್ತಿಗೆ ಪೂರೈಸಿದರು. ಒಟ್ಟು ಸುಮಾರು ಇಪ್ಪತ್ತಾರು ವರ್ಷಗಳ ಕೆಲಸ. ಅಷ್ಟಾದ ಮೇಲೂ ಗ್ರಂಥವಿದ್ದುದು ಅದೇ ಊರಿನಲ್ಲಿ, ಅದೇ ಬೀಗದ ಹಿಂದೆ.

ಗುಟ್ಟಿನ ಪ್ರತಿ

ಇಲ್ಲಿಂದ ಕಥೆ ಇನ್ನೊಂದು ದಾರಿ ಹಿಡಿಯಿತು. ಹಗಲು ಬಸದಿಯಲ್ಲಿ ನಾಗರಿ ಪ್ರತಿಯನ್ನು ಬರೆಯುತ್ತಿದ್ದ ಗಜಪತಿ ಉಪಾಧ್ಯಾಯರು, ತಮ್ಮ ವಿದುಷಿ ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ, ಯಾರಿಗೂ ತಿಳಿಯದಂತೆ ಮನೆಯಲ್ಲಿ ಒಂದು ಕನ್ನಡ ಪ್ರತಿಯನ್ನು ಸಿದ್ಧಗೊಳಿಸಿದರು. ಬಳಿಕ ಅದನ್ನು ಸೊಲ್ಲಾಪುರಕ್ಕೆ ಒಯ್ದು ಸೇಠ್ ಹೀರಾಚಂದರ ಮುಂದಿಟ್ಟರು. ಹೀರಾಚಂದರು ಸ್ವೀಕರಿಸಲಿಲ್ಲ. ಮಾಣಿಕಚಂದರೂ ತೆಗೆದುಕೊಳ್ಳಲಿಲ್ಲ. ಈ ಗ್ರಂಥಗಳಿಗಾಗಿ ವರ್ಷಗಟ್ಟಲೆ ಹಂಬಲಿಸಿದವರು, ಹಣ ಕೂಡಿಸಿದವರು, ಅವೇ ಮನೆಯ ಬಾಗಿಲಿಗೆ ಬಂದಾಗ ಕೈ ಚಾಚಲಿಲ್ಲ. ಮೂಡಬಿದಿರೆಯವರೊಡನೆ ಮಾತಾಡಿ ಕೆಲಸ ಆರಂಭಿಸಿದವರು ಅವರೇ ಆದುದರಿಂದ, ಆ ನಿರಾಕರಣೆಯಲ್ಲಿ ಕೊಟ್ಟ ಮಾತಿನ ಹಂಗನ್ನು ನಾನು ಕಾಣುತ್ತೇನೆ.

ಕೊನೆಗೆ ಸಹಾರನಪುರದ ಲಾಲಾ ಜಂಬೂಪ್ರಸಾದರು ಆ ಪ್ರತಿಯನ್ನು ಕೊಂಡು ತಮ್ಮ ಮಂದಿರದಲ್ಲಿ ಇರಿಸಿದರು. ಉತ್ತರದವರಿಗೆ ಕನ್ನಡ ಲಿಪಿ ಓದಲು ಬಾರದು. ಆದುದರಿಂದ 1916ರಿಂದ ಏಳೆಂಟು ವರ್ಷ ವಿಜಯಚಂದ್ರಯ್ಯ ಎಂಬವರು ಕನ್ನಡ ಪ್ರತಿಯನ್ನು ಓದಿ ಹೇಳುತ್ತಿದ್ದರು, ಸೀತಾರಾಮ ಶಾಸ್ತ್ರಿಗಳು ನಾಗರಿಯಲ್ಲಿ ಬರೆಯುತ್ತಿದ್ದರು. ಇತಿಹಾಸದ ವಿಚಿತ್ರವನ್ನು ನೋಡಿರಿ: ಸೀತಾರಾಮ ಶಾಸ್ತ್ರಿಗಳು ತಮಗಾಗಿ ಇನ್ನೊಂದು ಪ್ರತಿಯನ್ನು ಗುಟ್ಟಾಗಿ ಉಳಿಸಿಕೊಂಡರು! ಆ ಪ್ರತಿಯಿಂದ ಹುಟ್ಟಿದ ಪ್ರತಿಗಳು ಆರಾ, ಕಾರಂಜಾ, ಸಾಗರ, ಅಮರಾವತಿ ಮೊದಲಾದ ಊರುಗಳನ್ನು ಸೇರಿದವು. ಮೂಡಬಿದಿರೆಯಿಂದ ಗುಟ್ಟಾಗಿ ಹೊರಟುದು ಸಹಾರನಪುರದಿಂದಲೂ ಗುಟ್ಟಾಗಿಯೇ ಹೊರಟಿತು.

ಈಗ ಪ್ರಶ್ನೆ: ಗಜಪತಿ ಉಪಾಧ್ಯಾಯರು ಮಾಡಿದ್ದು ಕಳವೋ, ಶ್ರುತಸೇವೆಯೋ?

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾತಿಗಳು ಸ್ತೇಯಕ್ಕೆ ಕೊಡುವ ಲಕ್ಷಣ ಅದತ್ತಾದಾನ, ಅಂದರೆ ಕೊಡದೆ ಇರುವುದನ್ನು ತೆಗೆದುಕೊಳ್ಳುವುದು. ವಸ್ತು ಬೆಲೆಯುಳ್ಳದ್ದೇ, ತೆಗೆದುಕೊಂಡವನು ಲಾಭ ಪಡೆದನೇ, ಒಡೆಯನಿಗೆ ನಷ್ಟವಾಯಿತೇ ಎಂಬುದನ್ನು ಆ ಲಕ್ಷಣ ಕೇಳುವುದಿಲ್ಲ. ‘ಕೊಟ್ಟರೇ?’ ಎಂಬ ಒಂದೇ ಪ್ರಶ್ನೆಯನ್ನು ಕೇಳುತ್ತದೆ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ತದಾಹೃತಾದಾನವೂ ಒಂದು: ಬೇರೊಬ್ಬನು ಅಪಹರಿಸಿ ತಂದುದನ್ನು ಸ್ವೀಕರಿಸುವುದು. ಸೊಲ್ಲಾಪುರದ ಸೇಠರು ಹಿಂಜರಿದದ್ದು ಈ ಅಳುಕಿನಿಂದಲೇ ಇರಬಹುದು.

ಆದರೆ ಇನ್ನೊಂದು ಪಕ್ಷವೂ ಉಂಟು. ಪ್ರತಿ ಮಾಡಿದ ಮೇಲೆ ಮೂಡಬಿದಿರೆಯ ಓಲೆಗಳಲ್ಲಿ ಒಂದಕ್ಷರವೂ ಕಡಿಮೆಯಾಗಲಿಲ್ಲ. ಆ ಸೂತ್ರಗಳನ್ನು ಬರೆದವರು ಭೂತಬಲಿಗಳು, ಟೀಕೆ ಬರೆದವರು ವೀರಸೇನರು, ಓಲೆ ಬರೆಯಿಸಿದವಳು ದೇಮಿಯಕ್ಕ. ಮೂವರೂ ಅದನ್ನು ಲೋಕಕ್ಕೆ ಕೊಟ್ಟವರೇ. ಹಾಗಾದರೆ ಅದು ‘ದತ್ತ’ವೇ ಅಲ್ಲವೇ? ಕಾವಲುಗಾರರ ಅಪ್ಪಣೆಯು ಕರ್ತೃವಿನ ಅಪ್ಪಣೆಗಿಂತ ದೊಡ್ಡದೇ?

ನನ್ನ ವಿವೇಚನೆಗೆ ತೋರುವುದು ಇಷ್ಟು. ಗ್ರಂಥದ ಮೇಲೆ ಯಾರಿಗೂ ಸ್ವಾಮ್ಯವಿರಲಿಲ್ಲ. ಆದುದರಿಂದ ಗ್ರಂಥವನ್ನು ಕದ್ದರೆಂಬ ಮಾತು ನಿಲ್ಲದು. ಆದರೆ ಉಪಾಧ್ಯಾಯರು ಒಂದು ಕಟ್ಟುಪಾಡಿಗೆ ಒಳಪಟ್ಟು ಓಲೆಗಳನ್ನು ಮುಟ್ಟಿದವರು. ಅವರು ಮುರಿದದ್ದು ವಿಶ್ವಾಸವನ್ನು. ಫಲ ಒಳ್ಳೆಯದಾಯಿತೆಂದು ಕ್ರಿಯೆಯ ದೋಷ ಅಳಿಯುವುದಿಲ್ಲ. ದೋಷವಿತ್ತೆಂದು ಫಲದ ಉಪಕಾರವನ್ನು ಮರೆಯುವುದೂ ಕೃತಘ್ನತೆ. ಈ ಎರಡನ್ನೂ ಒಟ್ಟಿಗೆ ಹಿಡಿದು ನೋಡುವುದೇ ಅನೇಕಾಂತ.

ಬಾಗಿಲು ತೆರೆದ ಬಗೆ

ಹೀಗೆ ಹರಡಿದ ಪ್ರತಿಗಳ ಆಧಾರದ ಮೇಲೆ ಅಮರಾವತಿಯ ಪ್ರೊಫೆಸರ್ ಹೀರಾಲಾಲ ಜೈನರು ಷಟ್ಖಂಡಾಗಮದ ಸಂಪಾದನೆಗೆ ತೊಡಗಿದರು. ವಿದಿಶಾದ ಸೇಠ್ ಲಕ್ಷ್ಮೀಚಂದ್ರರು ಧನಸಹಾಯ ಮಾಡಿದರು. ಹಿಂದಿ ಅನುವಾದದೊಡನೆ ಮೊದಲ ಸಂಪುಟ 1939ರಲ್ಲಿ ಹೊರಬಂದಿತು. ಧರ್ಮಗ್ರಂಥವನ್ನು ಅಚ್ಚಿಗೆ ಕೊಡುವುದೇ ಅವಿನಯವೆಂಬ ಭಾವನೆ ಸಮಾಜದಲ್ಲಿ ಇನ್ನೂ ಉಳಿದಿದ್ದ ಕಾಲವದು.

ಹೀರಾಲಾಲರು ಮಾಡಿದ ಒಂದು ಕೆಲಸ ನನಗೆ ಸಂಪಾದನೆಯಷ್ಟೇ ದೊಡ್ಡದಾಗಿ ಕಾಣುತ್ತದೆ. ಪ್ರತಿ ತಮ್ಮ ಕೈಗೆ ಬಂದ ದಾರಿಯನ್ನು ಅವರು ಮರೆಮಾಚಲಿಲ್ಲ. ಮಾಣಿಕಚಂದರ ಯಾತ್ರೆಯಿಂದ ಹಿಡಿದು ಮಿರಜಿನ ದಂಪತಿಗಳ ಗುಟ್ಟಿನ ಬರವಣಿಗೆ, ಸಹಾರನಪುರದ ನಕಲು, ಎಲ್ಲವನ್ನೂ ಪೀಠಿಕೆಯಲ್ಲಿ ಹೆಸರುಗಳೊಡನೆ ದಾಖಲಿಸಿದರು. ಯಾವ ಪ್ರತಿ ಯಾವುದರ ಮಗಳು, ಎಲ್ಲಿ ಪಾಠ ಸಂದಿಗ್ಧ ಎಂಬುದನ್ನು ಓದುಗರ ಮುಂದೆ ತೆರೆದಿಟ್ಟರು. ಗುಟ್ಟಿನಲ್ಲಿ ಹುಟ್ಟಿದ ಪ್ರತಿಯ ಗುಟ್ಟನ್ನು ಮುರಿದು ಅದಕ್ಕೆ ಮರ್ಯಾದೆ ತಂದರು.

ಇದರ ಫಲವೋ ಕಾಲದ ಮಹಿಮೆಯೋ, ಅಚ್ಚಾದ ಗ್ರಂಥವನ್ನು ಕಂಡ ಮೇಲೆ ಮೂಡಬಿದಿರೆಯ ಭಟ್ಟಾರಕರೂ ಪಂಚರೂ ಮನಸ್ಸು ತೆರೆದರು. ಮೂಲ ತಾಳೆಯೋಲೆಗಳೊಡನೆ ಪಾಠವನ್ನು ಹೋಲಿಸಿ ನೋಡಲು ಮುಂದಿನ ಸಂಪುಟಗಳಿಗೆ ಸಹಕಾರ ದೊರೆಯಿತು. ಬೀಗ ಒಡೆಯಲಿಲ್ಲ, ಬಾಗಿಲು ಒಳಗಿನಿಂದ ತೆರೆಯಿತು. ಧವಳದ ಹದಿನಾರು ಸಂಪುಟಗಳು ಎರಡು ದಶಕಗಳಲ್ಲಿ ಪೂರ್ಣಗೊಂಡವು. ಜಯಧವಳವು ಮಥುರೆಯ ಸಂಘದಿಂದಲೂ ಮಹಾಬಂಧವು ಭಾರತೀಯ ಜ್ಞಾನಪೀಠದಿಂದಲೂ ಪ್ರಕಟವಾದವು.

ಆ ಹೋಲಿಕೆ ಎಷ್ಟು ಮುಖ್ಯವಾಗಿತ್ತೆಂಬುದಕ್ಕೆ ಒಂದೇ ಪದ ಸಾಕು. ಮೊದಲ ಸಂಪುಟದ ಸತ್ಪ್ರರೂಪಣೆಯ 93ನೆಯ ಸೂತ್ರವು ಮನುಷ್ಯಿಣಿಯರ ಗುಣಸ್ಥಾನಗಳನ್ನು ಕುರಿತದ್ದು. ಕೈಗೆ ಸಿಕ್ಕ ಪ್ರತಿಗಳಲ್ಲಿ ಅಲ್ಲಿ ‘ಸಂಜದ’ ಎಂಬ ಪದವಿರಲಿಲ್ಲ. ಟೀಕೆಯ ಧಾಟಿಯನ್ನು ನೋಡಿ, ಇಲ್ಲಿ ಆ ಪದವಿರಬೇಕೆಂದು ಸಂಪಾದಕರು ಅಡಿಟಿಪ್ಪಣಿಯಲ್ಲಿ ಸೂಚಿಸಿದರು. ಸಂಯತತ್ವವನ್ನು ಹೇಳುವ ಪದವಾದುದರಿಂದ ಸ್ತ್ರೀಯ ಮೋಕ್ಷಾಧಿಕಾರದ ಚರ್ಚೆಯೇ ಅದರೊಡನೆ ತಳಕು ಹಾಕಿಕೊಂಡಿತ್ತು. ಪಂಡಿತರಲ್ಲಿ ತೀವ್ರವಾದ ವಾದವೆದ್ದಿತು. ಮೂಡಬಿದಿರೆಯ ಓಲೆಗಳನ್ನು ನೋಡಿದಾಗ ಆ ಪದ ಅಲ್ಲಿತ್ತು. ನಕಲಿನಿಂದ ನಕಲಿಗೆ ದಾಟುವಾಗ ಬಿದ್ದುಹೋದ ಒಂದು ಪದ, ಒಂದು ಸಿದ್ಧಾಂತವನ್ನೇ ಅಲುಗಾಡಿಸಿತ್ತು. ಧರ್ಮಪುಸ್ತಕವನ್ನು ಪ್ರಕಟಿಸುವವನು ಮೂಲವನ್ನು ಹೇಳಬೇಕಾದುದು ಕಾನೂನಿನ ಭಯಕ್ಕಿಂತ ಮೊದಲು ಈ ಕಾರಣಕ್ಕಾಗಿ. ಮೂಲ ತಿಳಿದರೆ ತಪ್ಪನ್ನು ತಿದ್ದಬಹುದು; ‘ಕೃಪೆ: ಅಂತರ್ಜಾಲ’ ಎಂದರೆ ತಿದ್ದುವುದಕ್ಕೆ ದಾರಿಯೇ ಇಲ್ಲ.

ಇಂದಿನ ನ್ಯಾಯ

ಇನ್ನು ಕಾನೂನಿನ ಮಾತು. ನಮ್ಮ ದೇಶದ ಕೃತಿಸ್ವಾಮ್ಯ ಕಾಯಿದೆ 1957ರದು. 1958ರ ಜನವರಿಯಲ್ಲಿ ಜಾರಿಗೆ ಬಂದಿತು. ಅದಕ್ಕೂ ಮೊದಲು 1914ರ ಕಾಯಿದೆಯಿತ್ತು. ಕೃತಿಕಾರನ ಜೀವಿತಕಾಲ, ಅವನು ತೀರಿಕೊಂಡ ವರ್ಷ ಮುಗಿದ ಮೇಲೆ 60 ವರ್ಷ, ಇದು ಈಗಿನ ಅವಧಿ. ಹಕ್ಕು ಹುಟ್ಟಲು ನೋಂದಣಿ ಬೇಕಿಲ್ಲ. ಬರೆದ ಗಳಿಗೆಯಿಂದಲೇ ಅದು ಇರುತ್ತದೆ. ಪುಸ್ತಕದಲ್ಲಿ ‘ಎಲ್ಲ ಹಕ್ಕುಗಳನ್ನು ಕಾಯ್ದಿರಿಸಿದೆ’ ಎಂಬ ಸಾಲಿಲ್ಲದ ಮಾತ್ರಕ್ಕೆ ಅದು ಎಲ್ಲರ ಸೊತ್ತಲ್ಲ.

ಈ ಅಳತೆಯಿಂದ ನೋಡಿದರೆ ಕುಂದಕುಂದರ ಗಾಥೆ, ಉಮಾಸ್ವಾತಿಗಳ ಸೂತ್ರ, ವೀರಸೇನರ ಟೀಕೆ, ಪಂಪ ರನ್ನರ ಕಾವ್ಯ ಇವೆಲ್ಲ ಲೋಕದ ಸೊತ್ತು. ನಮ್ಮ ಮಿತ್ರರ ಮಾತಿನ ಸತ್ಯಾಂಶ ಇದು. ಆದರೆ ಅನುವಾದವೂ ವ್ಯಾಖ್ಯಾನವೂ ಸ್ವತಂತ್ರ ಕೃತಿಗಳು. ಭೂತಬಲಿಗಳ ಸೂತ್ರವನ್ನು ಯಾರು ಬೇಕಾದರೂ ಅಚ್ಚು ಹಾಕಬಹುದು. ಹೀರಾಲಾಲ ಜೈನರು 1973ರಲ್ಲಿ ತೀರಿಕೊಂಡರು. ಅವರೊಬ್ಬರೇ ಬರೆದುದರ ಹಕ್ಕಿನ ಅವಧಿ 2033ರ ಕೊನೆಯವರೆಗೆ ಇದೆ. ಜಂಟಿಯಾಗಿ ಬರೆದುದಾದರೆ ಕೊನೆಗೆ ತೀರಿಕೊಂಡವರಿಂದ ಎಣಿಕೆ. ಷಟ್ಖಂಡಾಗಮವು ಕನ್ನಡಕ್ಕೆ ಬರುವಂತೆ ಶ್ರವಣಬೆಳಗೊಳದಲ್ಲಿ ನಡೆದ ಅನುವಾದ ಕಾರ್ಯವಂತೂ ನಮ್ಮ ಕಣ್ಣೆದುರಿನದು. ಮೂಲ ಪ್ರಾಚೀನವೆಂದು ಅದರ ಅನುವಾದವೂ ಪ್ರಾಚೀನವಾಗುವುದಿಲ್ಲ.

ಪಠ್ಯ ಎಲ್ಲರದಾದರೂ ಟಿಪ್ಪಣಿ ಬರೆದವನ ಶ್ರಮ ಅವನದೆಂಬ ವಿವೇಕ ನಮ್ಮ ನ್ಯಾಯಾಲಯಗಳಲ್ಲಿ ಹಳೆಯದು. ಮುಂಬಯಿಯ ಪ್ರಕಾಶಕರೊಬ್ಬರ ಮೇಲೆ ಮ್ಯಾಕ್‌ಮಿಲನ್ ಸಂಸ್ಥೆಯು ಹೂಡಿದ ಮೊಕದ್ದಮೆಯಲ್ಲಿ ಪ್ರಿವಿ ಕೌನ್ಸಿಲ್ 1923ರಲ್ಲಿಯೇ ಹಳೆಯ ಪಠ್ಯವನ್ನೂ ಸಂಪಾದಕರ ಟಿಪ್ಪಣಿಗಳನ್ನೂ ಬೇರೆಬೇರೆಯಾಗಿ ತೂಗಿ ನೋಡಿತು. 2007ರ ಡಿಸೆಂಬರಿನಲ್ಲಿ ಈಸ್ಟರ್ನ್ ಬುಕ್ ಕಂಪನಿಯ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಕೇವಲ ಬೆವರು ಸುರಿಸಿದರೆ ಸಾಲದು, ಸಂಪಾದಕನು ಕೌಶಲ ಹಾಗೂ ವಿವೇಚನೆಯಿಂದ ಸ್ವಲ್ಪವಾದರೂ ಹೊಸದನ್ನು ಸೇರಿಸಿರಬೇಕು, ಆಗ ಆ ಸೇರಿಕೆಗೆ ರಕ್ಷಣೆಯುಂಟು ಎಂದಿತು. 2023ರಲ್ಲಿ ಭಕ್ತಿವೇದಾಂತ ಬುಕ್ ಟ್ರಸ್ಟಿನ ಮೊಕದ್ದಮೆಯಲ್ಲಿ ದೆಹಲಿ ಉಚ್ಚ ನ್ಯಾಯಾಲಯವು ಧರ್ಮಗ್ರಂಥಗಳ ವಿಷಯದಲ್ಲಿಯೇ ಇದನ್ನು ಸ್ಪಷ್ಟಪಡಿಸಿತು: ಭಗವದ್ಗೀತೆಯಂತಹ ಮೂಲಗ್ರಂಥಗಳ ಮೇಲೆ ಯಾರೂ ಕೃತಿಸ್ವಾಮ್ಯವನ್ನು ಹೇಳಿಕೊಳ್ಳಲಾಗದು, ಆದರೆ ಅವುಗಳ ವಿವರಣೆ, ಸಾರಾಂಶ, ಅರ್ಥನಿರೂಪಣೆ, ರೂಪಾಂತರಗಳಿಗೆ ರಕ್ಷಣೆಯುಂಟು.

ಪ್ರವಚನಗಳ ಸಂಗತಿ ಇನ್ನೂ ಕುತೂಹಲಕರ. ಕಾಯಿದೆಯಲ್ಲಿ ಉಪನ್ಯಾಸವೆಂದರೆ ಧರ್ಮೋಪದೇಶವೂ ಸೇರುತ್ತದೆ. ಅದರ ಮೊದಲ ಹಕ್ಕುದಾರರು ಉಪದೇಶಿಸಿದವರೇ. ಪಿಂಛಿ ಕಮಂಡಲಗಳ ಹೊರತು ಏನನ್ನೂ ಇಟ್ಟುಕೊಳ್ಳದ ಅಪರಿಗ್ರಹಿ ಮುನಿಗಳಿಗೆ ಕಾನೂನು ತಾನಾಗಿಯೇ ಒಂದು ಆಸ್ತಿಯನ್ನು ಹೊರಿಸುತ್ತದೆ! ಮುನಿಗಳು ಅದನ್ನು ಬಯಸಿಲ್ಲವೆಂಬುದು ಸತ್ಯ. ಆದರೆ ಅವರು ಆಡಿದ ಮಾತನ್ನು ಆಡಿದಂತೆ ಉಳಿಸುವ ಹೊಣೆ ನಮ್ಮ ಮೇಲಿದೆ. ಬರಹರೂಪವನ್ನು ಅವರಿಗೆ ಒಪ್ಪಿಸಿ, ಅವರು ನೋಡಿ ಸಮ್ಮತಿಸಿದ ಮೇಲೆ ಅಚ್ಚಿಗೆ ಕೊಡುವುದು ವಿನಯ. ಕೃತಿಯನ್ನು ವಿರೂಪಗೊಳಿಸದಿರುವಂತೆಯೂ ತನ್ನ ಹೆಸರನ್ನು ಅಳಿಸದಿರುವಂತೆಯೂ ಕೇಳುವ ವಿಶೇಷ ಹಕ್ಕನ್ನು 57ನೆಯ ಕಲಮು ಕರ್ತೃವಿಗೆ ಕೊಡುತ್ತದೆ. ಕೃತಿಸ್ವಾಮ್ಯವನ್ನು ಬೇರೆಯವರಿಗೆ ಬರೆದುಕೊಟ್ಟ ಮೇಲೂ ಅದು ಉಳಿಯುತ್ತದೆ. ಓಲೆಯ ಪ್ರಶಸ್ತಿಗಳ ಅಂತಃಕರಣವೇ ಈ ಕಲಮಿನಲ್ಲಿಯೂ ಇದೆಯೆಂದು ನನಗೆ ಅನಿಸುತ್ತದೆ.

ಹಾಗಾದರೆ ಅನುಮತಿಯಿಲ್ಲದೆ ಒಂದು ಸಾಲನ್ನೂ ಉದ್ಧರಿಸಬಾರದೇ? ಹಾಗೇನೂ ಇಲ್ಲ. 52ನೆಯ ಕಲಮು ನ್ಯಾಯೋಚಿತ ಬಳಕೆಗೆ ಎಡೆ ಕೊಟ್ಟಿದೆ. ಸ್ವಂತ ಅಧ್ಯಯನ, ಸಂಶೋಧನೆ, ವಿಮರ್ಶೆ, ಪರಾಮರ್ಶೆಗಳಿಗಾಗಿ ಮೂಲವನ್ನು ಹೆಸರಿಸಿ ಬೇಕಾದಷ್ಟನ್ನೇ ಉದ್ಧರಿಸಬಹುದು. ‘ಇಷ್ಟು ಪದಗಳವರೆಗೆ ತಪ್ಪಿಲ್ಲ’ ಎಂದು ಜನರು ಹೇಳುವ ಲೆಕ್ಕ ಕಾಯಿದೆಯಲ್ಲಿ ಎಲ್ಲಿಯೂ ಇಲ್ಲ. ಎಷ್ಟು ತೆಗೆದುಕೊಂಡಿರಿ, ಯಾತಕ್ಕಾಗಿ, ನಿಮ್ಮ ಪುಸ್ತಕವಿದ್ದರೆ ಮೂಲಪುಸ್ತಕ ಬೇಡವೆನಿಸುವಂತಾಯಿತೇ ಎಂಬುದರ ಮೇಲೆ ನಿರ್ಣಯ. ಬೋಧನೆಗಾಗಿಯೇ ಮಾಡಿದ ಸಂಕಲನಗಳಿಗೆ ಇನ್ನೊಂದು ಸೌಲಭ್ಯವುಂಟು: ಸಂಕಲನದ ಬಹುಭಾಗ ಕೃತಿಸ್ವಾಮ್ಯವಿಲ್ಲದ ಸಾಮಗ್ರಿಯಾಗಿರಬೇಕು, ಬೋಧನೆಗೆಂದು ಹೆಸರಿನಲ್ಲಿಯೇ ಹೇಳಿರಬೇಕು, ತೆಗೆದ ಭಾಗಗಳು ಚಿಕ್ಕವಾಗಿರಬೇಕು, ಅವು ಬೋಧನೆಗಾಗಿ ಪ್ರಕಟವಾದ ಪುಸ್ತಕದವು ಆಗಿರಬಾರದು, ಒಬ್ಬ ಲೇಖಕನಿಂದ ಅದೇ ಪ್ರಕಾಶಕನು ಐದು ವರ್ಷಗಳಲ್ಲಿ ಎರಡಕ್ಕಿಂತ ಹೆಚ್ಚು ಭಾಗಗಳನ್ನು ತೆಗೆದಿರಬಾರದು. ಇನ್ನೊಂದು ಪಾಠಪುಸ್ತಕದ ಪಾಠಗಳನ್ನೇ ಎತ್ತಿ ನಮ್ಮ ಪಾಠಪುಸ್ತಕಕ್ಕೆ ಸೇರಿಸುವುದು ಇದರೊಳಗೆ ಬಾರದು.

ನಮ್ಮವರಲ್ಲಿ ಬೇರೂರಿದ ಎರಡು ಭ್ರಮೆಗಳನ್ನೂ ಇಲ್ಲಿ ಹೇಳಬೇಕು. ಉಚಿತವಾಗಿ ಹಂಚುವುದರಿಂದ ದೋಷವಿಲ್ಲವೆಂಬುದು ಮೊದಲನೆಯದು. ಲಾಭವಿಲ್ಲದಿರುವುದು ಒಳ್ಳೆಯದೇ; ಆದರೆ ಬೇರೊಬ್ಬರ ಕೃತಿಯನ್ನು ಇಡಿಯಾಗಿ ಅಚ್ಚು ಹಾಕುವ ಹಕ್ಕು ಅದರಿಂದ ಬರುವುದಿಲ್ಲ. ಬೇರೊಬ್ಬರ ತೋಟದ ಹಣ್ಣನ್ನು ಕೊಯ್ದು ದಾನ ಮಾಡಿದರೆ ಪುಣ್ಯ ಯಾರದು? ಕೃತಜ್ಞತೆ ಹೇಳಿದರೆ ಸಾಕೆಂಬುದು ಎರಡನೆಯದು. ಕೃತಜ್ಞತೆ ಬೇರೆ, ಅನುಮತಿ ಬೇರೆ. ಕೇಳದೆ ತೆಗೆದುಕೊಂಡು ಹೆಸರು ಹಾಕುವುದು, ತೆಗೆದುಕೊಂಡೆನೆಂದು ಒಪ್ಪಿಕೊಂಡಂತೆ ಮಾತ್ರ.

ಕೇಳುವುದರಲ್ಲಿ ಏನು ಕಷ್ಟ?

ಮಿತ್ರರಿಗೆ ನಾನು ಹೇಳಿದ್ದು ಸರಳವಾದದ್ದು. ಮೂಲಗಾಥೆಗಳನ್ನು ನಿಸ್ಸಂಕೋಚವಾಗಿ ಹಾಕಿರಿ. ಆದರೆ ಯಾವ ಮುದ್ರಣದ ಪಾಠವೆಂಬುದನ್ನು ಬರೆಯಿರಿ. ಅನುವಾದವನ್ನು ನೀವೇ ಮಾಡಿರಿ. ಮಕ್ಕಳಿಗೆ ನಿಮ್ಮ ಊರಿನ ಮಾತೇ ಹತ್ತಿರ. ವಿದ್ವಾಂಸರ ಅನುವಾದವೇ ಬೇಕೆಂದಿದ್ದರೆ ಅವರಿಗೋ ಅವರ ಮನೆಯವರಿಗೋ ಪ್ರಕಾಶಕರಿಗೋ ಒಂದು ಪತ್ರ ಬರೆಯಿರಿ, ಎಷ್ಟು ಭಾಗ, ಎಷ್ಟು ಪ್ರತಿ, ಬೆಲೆಯೆಷ್ಟು ಎಂಬುದನ್ನು ತಿಳಿಸಿರಿ, ಉತ್ತರವನ್ನು ಜೋಪಾನವಾಗಿಡಿರಿ. ಪ್ರವಚನವನ್ನು ಸಂಘದ ಮೂಲಕ ಮುನಿಗಳಿಗೆ ತೋರಿಸಿರಿ. ಚಿತ್ರಗಳನ್ನು ಪಾಠಶಾಲೆಯ ಮಕ್ಕಳಿಂದಲೇ ಬರೆಯಿಸಿರಿ.

ಅವರು ಪತ್ರ ಬರೆದರು. ಅನುವಾದಕರು ಇಲ್ಲವೆನ್ನಲಿಲ್ಲ. ಒಪ್ಪಿಗೆಯೊಡನೆ ಹಳೆಯ ಮುದ್ರಣದಲ್ಲಿ ಉಳಿದಿದ್ದ ಕೆಲವು ತಪ್ಪುಗಳ ತಿದ್ದುಪಡಿಯನ್ನೂ ಬರೆದು ಕಳುಹಿಸಿದರು. ಕೇಳದೆ ತೆಗೆದುಕೊಂಡಿದ್ದರೆ ಆ ತಪ್ಪುಗಳನ್ನೇ ಮಕ್ಕಳು ಕಂಠಪಾಠ ಮಾಡುತ್ತಿದ್ದರು. ಮೂಡಬಿದಿರೆಯ ‘ಸಂಜದ’ ಪದ ನನಗೆ ನೆನಪಾಯಿತು.

ಒಂದು ಮಾತು ಉಳಿದಿದೆ. ತನ್ನ ಕೃತಿಯ ಸ್ವಾಮ್ಯವನ್ನು ಬಿಟ್ಟುಕೊಡುವ ದಾರಿಯನ್ನೂ 21ನೆಯ ಕಲಮು ಕರ್ತೃವಿಗೆ ತೋರಿಸಿದೆ. ರಿಜಿಸ್ಟ್ರಾರರಿಗೆ ಸೂಚನೆ ಕೊಟ್ಟೋ ಸಾರ್ವಜನಿಕ ಪ್ರಕಟಣೆಯ ಮೂಲಕವೋ ಅದನ್ನು ಮಾಡಬಹುದು. ಅಷ್ಟು ದೂರ ಹೋಗದಿದ್ದರೂ, ‘ಪಾಠವನ್ನು ಬದಲಿಸದೆ, ಹೆಸರು ಹೇಳಿ, ಯಾರು ಬೇಕಾದರೂ ಇದನ್ನು ಅಚ್ಚು ಹಾಕಿ ಹಂಚಬಹುದು’ ಎಂಬ ಒಂದು ಸಾಲನ್ನು ಪುಸ್ತಕದ ಆರಂಭದಲ್ಲಿ ಸೇರಿಸಲು ಯಾವ ಅಡ್ಡಿಯೂ ಇಲ್ಲ. ಧರ್ಮಬೋಧೆಯ ಪುಸ್ತಕಗಳನ್ನು ಬರೆಯುವವರು ಈ ಸಾಲನ್ನು ಬರೆದರೆ ಮುಂದೆ ಯಾವ ಗಜಪತಿ ಉಪಾಧ್ಯಾಯರೂ ರಾತ್ರಿ ದೀಪದ ಬೆಳಕಿನಲ್ಲಿ ಗುಟ್ಟಾಗಿ ನಕಲು ಮಾಡಬೇಕಾಗಿಲ್ಲ.

ಅತ್ತಿಮಬ್ಬೆ ಸಾವಿರ ಪ್ರತಿಗಳನ್ನು ಬರೆಯಿಸಿ ಕೊಟ್ಟಳು. ದೇಮಿಯಕ್ಕ, ಮಲ್ಲಿಕಬ್ಬೆಯರು ಒಂದೊಂದು ಪ್ರತಿಯನ್ನು ಕೊಟ್ಟು ಸಿದ್ಧಾಂತವನ್ನೇ ಉಳಿಸಿದರು. ಅವರೆಲ್ಲರೂ ಕೊಟ್ಟದ್ದು ತಮ್ಮದನ್ನು: ತಮ್ಮ ಹಣ, ತಮ್ಮ ವ್ರತ, ತಮ್ಮ ಶ್ರದ್ಧೆ. ನಮ್ಮದನ್ನು ಕೊಟ್ಟರೆ ಅದು ಶಾಸ್ತ್ರದಾನ. ಬೇರೆಯವರದನ್ನು ಕೊಡುವ ಮೊದಲು ಅವರನ್ನು ಕೇಳುವುದು ಅಚೌರ್ಯ. ಮೊದಲನೆಯದಕ್ಕೆ ಹೊರಟವನು ಎರಡನೆಯದನ್ನು ಮರೆಯಬಾರದು.